ಒಂದು ಬಸ್ಸಿನ ಬೇಡಿಕೆಯಿಂದ ಸಮಾನತೆಯ ತೀರ್ಪಿನವರೆಗೆ

(ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಅಮೆರಿಕದ ವರ್ಣಭೇದ ವಿರೋಧಿ ಹೋರಾಟ ಎಂದೊಡನೆ ನಮಗೆ ನೆನಪಾಗುವುದು ಮಾರ್ಟಿನ್ ಲೂಥರ್ ಕಿಂಗ್ ಮತ್ತು ಬೀದಿಗಿಳಿದ ಜನಸಾಗರ. ಆದರೆ ಅದಕ್ಕಿಂತ ಮೊದಲೇ ನ್ಯಾಯಾಲಯಗಳಲ್ಲಿ ಎರಡು ದಶಕಗಳ ಕಾಲ ಸದ್ದಿಲ್ಲದೆ ಇನ್ನೊಂದು ಹೋರಾಟ ನಡೆದಿತ್ತು. ಇಂದು ನಾವು ಅದರತ್ತ ತಮ್ಮ ಗಮನ ಸೆಳೆಯಬಯಸುತ್ತೇವೆ.

ಅಮೆರಿಕದಲ್ಲಿ ಗುಲಾಮಗಿರಿ 1865ರಲ್ಲಿ ರದ್ದಾಯಿತು. ಕಾನೂನಿನ ಸಮಾನ ರಕ್ಷಣೆ ಎಲ್ಲರಿಗೂ ಉಂಟೆಂದು 1868ರಲ್ಲಿ ಸಂವಿಧಾನದ 14ನೇ ತಿದ್ದುಪಡಿ ಸಾರಿತು. ಆದರೂ ದಕ್ಷಿಣದ ರಾಜ್ಯಗಳು ಕಪ್ಪು ವರ್ಣೀಯರನ್ನು ಬೇರ್ಪಡಿಸುವ ಕಾನೂನುಗಳನ್ನು ಒಂದೊಂದಾಗಿ ತಂದವು. 1892ರಲ್ಲಿ ಹೋಮರ್ ಪ್ಲೆಸ್ಸಿ ಎಂಬವರು ಲೂಸಿಯಾನ ರಾಜ್ಯದಲ್ಲಿ ಬಿಳಿಯರ ರೈಲು ಬೋಗಿಯಲ್ಲಿ ಕುಳಿತು ಬಂಧಿತರಾದರು. ಸೌಲಭ್ಯಗಳು ಸಮಾನವಾಗಿದ್ದರೆ ಪ್ರತ್ಯೇಕತೆ ತಪ್ಪಲ್ಲವೆಂದು 1896ರಲ್ಲಿ ಸುಪ್ರೀಮ್ ಕೋರ್ಟ್ ತೀರ್ಪಿತ್ತಿತು. ಅದನ್ನು ವಿರೋಧಿಸಿದ್ದು ಜಸ್ಟಿಸ್ ಹಾರ್ಲನ್ ಒಬ್ಬರೇ. 'ಪ್ರತ್ಯೇಕ, ಆದರೆ ಸಮಾನ' ಎಂಬ ಈ ತತ್ವವು 58 ವರ್ಷಗಳ ಕಾಲ ಅನ್ಯಾಯಕ್ಕೆ ನ್ಯಾಯದ ಮುದ್ರೆಯೊತ್ತಿತು.

ಈ ಗೋಡೆಯನ್ನು ಕೆಡಹುವ ಬಗೆ ಹೇಗೆ? ಹೋವರ್ಡ್ ವಿಶ್ವವಿದ್ಯಾನಿಲಯದ ಕಾನೂನು ವಿಭಾಗವನ್ನು ಮುನ್ನಡೆಸುತ್ತಿದ್ದ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್‌ರು ಮೊದಲು ವಕೀಲರನ್ನು ತಯಾರು ಮಾಡಿದರು. ಮುಂದೆ 1967ರಲ್ಲಿ ಅಮೆರಿಕದ ಸುಪ್ರೀಮ್ ಕೋರ್ಟಿನ ಪ್ರಥಮ ಕಪ್ಪು ವರ್ಣೀಯ ನ್ಯಾಯಾಧೀಶರಾದ ತರ್ಗುಡ್ ಮಾರ್ಶಲ್ ಅವರ ಶಿಷ್ಯರು. ಕಾನೂನು ಕಾಲೇಜುಗಳಿಂದಲೇ ಆರಂಭಿಸುವುದು ಹ್ಯೂಸ್ಟನ್‌ರ ತಂತ್ರವಾಗಿತ್ತು. ಬೆರಳೆಣಿಕೆಯ ವಿದ್ಯಾರ್ಥಿಗಳಿಗಾಗಿ ನಿಜಕ್ಕೂ ಸಮಾನವಾದ ಇನ್ನೊಂದು ಕಾಲೇಜು ಕಟ್ಟುವುದು ಯಾವ ರಾಜ್ಯಕ್ಕೂ ಸುಲಭವಲ್ಲ ಎಂದು ಅವರು ಬಲ್ಲವರಾಗಿದ್ದರು. 1936ರಲ್ಲಿ ಮೇರಿಲ್ಯಾಂಡ್, 1938ರಲ್ಲಿ ಮಿಸೌರಿ, 1950ರಲ್ಲಿ ಟೆಕ್ಸಾಸ್ ಹೀಗೆ ಗೆಲುವುಗಳು ಒಂದರ ಮೇಲೊಂದು ಇಟ್ಟಿಗೆಯಂತೆ ಸೇರಿದವು. ಅಂತಿಮ ವಿಜಯವನ್ನು ಕಾಣದೆ ಹ್ಯೂಸ್ಟನ್ 1950ರಲ್ಲಿ ನಿಧನರಾದರು.

ಆದರೆ ವಕೀಲರಿಂದ ಮಾತ್ರ ಮೊಕದ್ದಮೆ ನಡೆಯುವುದಿಲ್ಲ. ಅರ್ಜಿಗೆ ತನ್ನ ಹೆಸರು ಕೊಡುವ ಧೈರ್ಯವಂತನೂ ಬೇಕು. ದಕ್ಷಿಣ ಕೆರೋಲಿನಾದ ಕ್ಲಾರೆಂಡನ್ ಕೌಂಟಿಯಲ್ಲಿ ಬಿಳಿಯರ ಮಕ್ಕಳಿಗೆ 30 ಶಾಲಾ ಬಸ್ಸುಗಳಿದ್ದವು. ಕಪ್ಪು ಮಕ್ಕಳಿಗೆ ಒಂದೂ ಇರಲಿಲ್ಲ. ಒಬ್ಬ ಬಿಳಿಯ ವಿದ್ಯಾರ್ಥಿಗೆ ವರ್ಷಕ್ಕೆ 179 ಡಾಲರ್ ಖರ್ಚಾಗುತ್ತಿದ್ದರೆ ಕಪ್ಪು ವಿದ್ಯಾರ್ಥಿಗೆ ಸಿಗುತ್ತಿದ್ದುದು 43 ಡಾಲರ್. ಹೆತ್ತವರು ಮೊದಲು ಕೇಳಿದ್ದು ಒಂದು ಬಸ್ಸನ್ನು ಮಾತ್ರ. ಅದೂ ಸಿಗದಾದಾಗ ಅವರು ಸಮಾನತೆಯನ್ನೇ ಕೇಳಿದರು. ಅರ್ಜಿಯಲ್ಲಿ ಮೊದಲ ಹೆಸರು ಹ್ಯಾರಿ ಬ್ರಿಗ್ಸ್‌ರದ್ದು. ಎರಡನೇ ಮಹಾಯುದ್ಧದಲ್ಲಿ ದೇಶಕ್ಕಾಗಿ ಸೇವೆ ಸಲ್ಲಿಸಿದ್ದ ಅವರು ಪೆಟ್ರೋಲ್ ಬಂಕಿನ ಕೆಲಸ ಕಳೆದುಕೊಂಡರು. ಅವರ ಪತ್ನಿಯನ್ನೂ ಕೆಲಸದಿಂದ ತೆಗೆಯಲಾಯಿತು. ಜನರನ್ನು ಸಂಘಟಿಸಿದ ಪಾದ್ರಿ ಜೋಸೆಫ್ ಡಿಲೇನ್‌ರ ಮನೆ ಬೆಂಕಿಗಾಹುತಿಯಾಯಿತು.

ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಿ ಹೆಸರು ಕೊಟ್ಟವರು ವಿದ್ಯಾರ್ಥಿಗಳು. ಡಾಂಬರು ಕಾಗದ ಹೊದಿಸಿದ ಗುಡಿಸಲುಗಳಲ್ಲಿ ಪಾಠ ಕೇಳಿ ಬೇಸತ್ತ 16ರ ಹರೆಯದ ಬಾರ್ಬರಾ ಜಾನ್ಸ್ 1951ರ ಏಪ್ರಿಲ್‌ನಲ್ಲಿ ಸಹಪಾಠಿಗಳೊಂದಿಗೆ ಮುಷ್ಕರ ಹೂಡಿದಳು. ಇವೆರಡೂ ಪ್ರಕರಣಗಳು ಕನ್ಸಾಸ್ ಮತ್ತು ಡೆಲವೇರ್‌ನ ಪ್ರಕರಣಗಳೊಂದಿಗೆ ಸುಪ್ರೀಮ್ ಕೋರ್ಟ್ ತಲುಪಿದವು. 1954ರ ಮೇ 17ರಂದು ಮುಖ್ಯ ನ್ಯಾಯಾಧೀಶ ಅರ್ಲ್ ವಾರನ್ ಸಹಿತ ಒಂಬತ್ತೂ ನ್ಯಾಯಾಧೀಶರು ಏಕಕಂಠದಿಂದ, ಸರಕಾರಿ ಶಾಲೆಗಳಲ್ಲಿ ವರ್ಣದ ಆಧಾರದ ಪ್ರತ್ಯೇಕತೆ ಸಂವಿಧಾನಬಾಹಿರವೆಂದು ಸಾರಿದರು. ಇದುವೇ ಪ್ರಸಿದ್ಧ ಬ್ರೌನ್ ತೀರ್ಪು.

ಅಲ್ಲಿಗೆ ಎಲ್ಲವೂ ಮುಗಿಯಿತೇ? ಇಲ್ಲ. ಅದನ್ನು ಜಾರಿಗೊಳಿಸಲು ನ್ಯಾಯಾಲಯ ಗಡುವು ವಿಧಿಸಲಿಲ್ಲ. ಆ ಸಡಿಲು ಮಾತನ್ನೇ ವಿರೋಧಿಗಳು ಗುರಾಣಿ ಮಾಡಿಕೊಂಡರು. 1957ರಲ್ಲಿ ಲಿಟ್ಲ್ ರಾಕ್‌ನಲ್ಲಿ ಒಂಬತ್ತು ವಿದ್ಯಾರ್ಥಿಗಳನ್ನು ಶಾಲೆಗೆ ಸೇರಿಸಲು ಸೈನ್ಯ ಬರಬೇಕಾಯಿತು. ಪ್ರಿನ್ಸ್ ಎಡ್ವರ್ಡ್‌ನ ಆಡಳಿತವಂತೂ 1959ರಲ್ಲಿ ಸರಕಾರಿ ಶಾಲೆಗಳನ್ನೇ ಮುಚ್ಚಿಬಿಟ್ಟಿತು. ಬಿಳಿಯರು ತಮ್ಮ ಮಕ್ಕಳಿಗಾಗಿ ಖಾಸಗಿ ಶಾಲೆ ತೆರೆದರು. ಮೊಕದ್ದಮೆ ಗೆದ್ದ ಊರಿನ ಕಪ್ಪು ಮಕ್ಕಳಿಗೆ ಐದು ವರ್ಷ ಸರಕಾರಿ ಶಾಲೆಯೇ ಇರಲಿಲ್ಲ. 1964ರಲ್ಲಿ ಸುಪ್ರೀಮ್ ಕೋರ್ಟ್ ಮತ್ತೆ ಮಧ್ಯಪ್ರವೇಶಿಸಿದ ಬಳಿಕವಷ್ಟೇ ಅವು ತೆರೆದವು. ಏಳರ ಮಗು ಹನ್ನೆರಡಾಗಿತ್ತು. ಆ ವರ್ಷಗಳನ್ನು ಯಾವ ತೀರ್ಪು ತಾನೇ ಹಿಂದಿರುಗಿಸೀತು?

1964ರಲ್ಲಿ ನಾಗರಿಕ ಹಕ್ಕುಗಳ ಕಾಯಿದೆ, 1965ರಲ್ಲಿ ಮತದಾನದ ಹಕ್ಕಿನ ಕಾಯಿದೆ ಬಂದವು. ಎರಡನೆಯದರ ಮುಖ್ಯ ಭಾಗವೊಂದನ್ನು 2013ರಲ್ಲಿ ಅದೇ ಸುಪ್ರೀಮ್ ಕೋರ್ಟ್ ನಿಷ್ಕ್ರಿಯಗೊಳಿಸಿತು. ಗಳಿಸಿದ ಹಕ್ಕು ಕಾವಲಿಲ್ಲದೆ ಉಳಿಯದು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಬಂಧುಗಳೇ, ಸಂವಿಧಾನದಲ್ಲಿ ಸಮಾನತೆ 1868ರಲ್ಲೇ ಬರೆಯಲ್ಪಟ್ಟಿತ್ತು. ಅದು ಶಾಲೆಯ ಬಾಗಿಲು ತಲುಪಲು ಕಾನೂನು ಕಲಿತ ಒಂದು ತಲೆಮಾರು ಬೇಕಾಯಿತು, ಕೆಲಸ ಹೋದರೂ ಸಹಿಯನ್ನು ಹಿಂದೆಗೆಯದ ಹೆತ್ತವರು ಬೇಕಾದರು. ಚರಿತ್ರೆ ತೀರ್ಪಿನ ದಿನಾಂಕವನ್ನು ನೆನಪಿಟ್ಟುಕೊಂಡಿದೆ. ನಾವು ಆ ಅರ್ಜಿಗೆ ಸಹಿ ಹಾಕಿದವರನ್ನೂ ನೆನಪಿಟ್ಟುಕೊಳ್ಳೋಣ.