ವೈದ್ಯಕೀಯ ಓದಲು ಹೊರಟ ಮಗಳಿಗೆ ನಮ್ಮ ನಾಲ್ಕು ಮಾತು
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಂಘದ ಸದಸ್ಯರೊಬ್ಬರ ಮಗಳು ಸನತ್‌ನಗರದ ಇ.ಎಸ್.ಐ. ವೈದ್ಯಕೀಯ ಕಾಲೇಜಿಗೆ ಸೇರಿದ್ದಾಳೆ. ತಂದೆ ಬೀದರ ಜಿಲ್ಲೆಯಿಂದ ಹೊಟ್ಟೆಪಾಡಿಗಾಗಿ ಹೈದರಾಬಾದಿಗೆ ಬಂದು ಕಾರ್ಖಾನೆ ಸೇರಿದವರು. ಹಾರ ಹಾಕಿ ಕಳುಹಿಸಿದರೆ ನಮ್ಮ ಕೆಲಸ ಮುಗಿಯಿತೆಂದು ನಾವು ಎಣಿಸಿಲ್ಲ.

ಡಾಕ್ಟರ್ ಜಿ. ಎಸ್. ಮೇಲ್ಕೋಟೆಯವರು ಹಿರಿಯರಿಗೆ ನೆನಪಿರಬಹುದು. ಹೆಸರಿನಲ್ಲಿ ಮೇಲುಕೋಟೆ, ಹುಟ್ಟಿದ್ದು 1901ರಲ್ಲಿ, ಈಗಿನ ಒಡಿಶಾದ ಬರ್ಹಾಂಪುರದಲ್ಲಿ, ವೈದ್ಯವಿದ್ಯೆ ಕಲಿತದ್ದು ಇಲ್ಲಿನ ಉಸ್ಮಾನಿಯಾ ಮೆಡಿಕಲ್ ಕಾಲೇಜಿನಲ್ಲಿ. ಪರಊರಿನಿಂದ ಬಂದವರು, ದವಾಖಾನೆ ತೆರೆದು ಸುಖವಾಗಿ ಇದ್ದುಬಿಡಬಹುದಿತ್ತು. ಇರಲಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಸ್ಟೇಟ್ ಕಾಂಗ್ರೆಸ್ಸಿನ ಹೋರಾಟಕ್ಕಿಳಿದು ಸೆರೆಮನೆ ಕಂಡರು, ಕಾರ್ಮಿಕ ಸಂಘಗಳಲ್ಲಿ ದುಡಿದರು, 1952ರಲ್ಲಿ ಹೈದರಾಬಾದ್ ರಾಜ್ಯದ ಮಂತ್ರಿಯಾದರು. 1956ರಲ್ಲಿ ರಾಜ್ಯ ಒಡೆದು ಬೀದರ, ಗುಲ್ಬರ್ಗ, ರಾಯಚೂರು ಮೈಸೂರಿಗೆ ಸೇರಿದವು. ಮರುವರ್ಷವೇ ರಾಯಚೂರಿನ ಜನ ಈ ಹೈದರಾಬಾದಿನ ಡಾಕ್ಟರರನ್ನು ಲೋಕಸಭೆಗೆ ಕಳುಹಿಸಿದರು. ಮಂತ್ರಿಗಿರಿಯ ಮಾತು ಬಿಡಿ, ಅದು ಎಲ್ಲರಿಗೂ ಬರುವಂಥದಲ್ಲ. ಔಷಧದ ಚೀಟಿ ಬರೆದಲ್ಲಿಗೆ ವೈದ್ಯನ ಕೆಲಸ ನಿಲ್ಲುವುದಿಲ್ಲವೆಂದು ಅವರು ತಿಳಿದಿದ್ದರು. ನಮಗೆ ಬೇಕಾದದ್ದು ಅದು.

ತಂಗೀ, ನಿನಗೆ ಸೀಟು ಯಾರ ದಯೆಯಿಂದಲೂ ಬಂದದ್ದಲ್ಲ. ಇ.ಎಸ್.ಐ.ಗೆ ನೂರು ರೂಪಾಯಿ ಸಂಬಳದ ಮೇಲೆ ನಮ್ಮಿಂದ ಎಪ್ಪತ್ತೈದು ಪೈಸೆ, ಮಾಲೀಕರಿಂದ ಮೂರೂಕಾಲು ರೂಪಾಯಿ ಎಂದು 2019ರಲ್ಲಿ ಗೊತ್ತುಮಾಡಿದರು. ಅದರ ಕಾಲೇಜುಗಳಲ್ಲಿ, ಇಲ್ಲಿಯೂ ಕಲಬುರಗಿಯಲ್ಲಿಯೂ, ವಿಮೆಯುಳ್ಳ ಕಾರ್ಮಿಕರ ಮಕ್ಕಳಿಗೆಂದು ಕೆಲವು ಸೀಟು ತೆಗೆದಿಟ್ಟಿದ್ದಾರೆ. ನಿಮ್ಮಪ್ಪನ ಬೆವರು ಅದರಲ್ಲಿದೆ. ಆದರೆ ಆ ವಿಮೆಯ ಕಾರ್ಡೇ ಇಲ್ಲದವರು ನಮ್ಮಲ್ಲಿ ಎಷ್ಟು ಮಂದಿ! ಕಟ್ಟಡದ ಅಡ್ಡೆಯಲ್ಲಿ ಬೆಳಗ್ಗೆ ನಿಂತವರನ್ನು ಕೇಳಿ ನೋಡು.

ಕಲ್ಲು ಕೊರೆಯುವ ನಮ್ಮವರ ಎದೆಗೆ ವರ್ಷಗಟ್ಟಲೆ ಧೂಳಿಳಿಯುತ್ತದೆ. ಕೆಮ್ಮು, ಏದುಸಿರು, ಮೈ ಸೊರಗುವುದು, ಎಲ್ಲ ಕ್ಷಯದ ಹಾಗೆಯೇ. ಕ್ಷಯದ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗಿಯೂ ಗುಣ ಕಾಣದ ಒಬ್ಬ ಮುದುಕರ ಜೊತೆಗೆ ನಾವು ಒಂದು ಆಸ್ಪತ್ರೆಗೆ ಹೋಗಿದ್ದೆವು. "ಎದಿ ಹಿಡ್ದಂಗ ಆಗ್ತದ್ರಿ" ಎಂದರು. ಅಲ್ಲಿ ಯಾರಿಗೂ ತಿಳಿಯಲಿಲ್ಲ. ನಮ್ಮ ಹರಕು ತೆಲುಗಿನಲ್ಲಿ ನಾವೇ ಹೇಳಿದೆವು. ಕೆಲಸ ಏನೆಂದು ಅವರನ್ನು ಯಾರೂ ಕೇಳಲಿಲ್ಲ. ನಮಗೂ ಹೇಳಬೇಕೆಂದು ಹೊಳೆಯಲಿಲ್ಲ, ಆ ತಪ್ಪು ನಮ್ಮದೇ. ಕಲ್ಲಿನ ಧೂಳಿನ ರೋಗವೆಂದು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಇಟಲಿಯ ವೈದ್ಯ ರಾಮಜ್ಜೀನಿ 1700ರಷ್ಟು ಹಿಂದೆಯೇ, ರೋಗಿಯ ಕಸುಬೇನೆಂದು ಕೇಳಬೇಕೆಂದು ಬರೆದಿಟ್ಟಿದ್ದಾರೆ.

ಓದು ಮುಗಿಸಿ ಬೀದರಿನ ಹಳ್ಳಿಗೇ ಹೋಗೆಂದು ಅಪ್ಪಣೆ ಮಾಡುವ ಹಕ್ಕು ನಮಗಿಲ್ಲ. ನೀನು ಎಲ್ಲಿದ್ದರೂ ಆ ಒಂದು ಪ್ರಶ್ನೆಯನ್ನು ಕನ್ನಡದಲ್ಲೂ ಕೇಳು. ಈಗ ಬಾಗಿಲ ಬಳಿ ಒಂದು ಡಬ್ಬಿ ಇಟ್ಟಿದ್ದೇವೆ, ಪುಸ್ತಕದ ಖರ್ಚಿಗೆ. ಸಂಬಳವಾದವರು ಇಂದೇ ಹಾಕಿರಿ, ಉಳಿದವರು ಮುಂದಿನ ಭಾನುವಾರ ತನ್ನಿರಿ.