ಬಿಸಿನೀರಿನ ಊರಿನಲ್ಲಿ
(ಡೊಂಬಿವಲಿಯಲ್ಲಿ ನಡೆದ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ, ಹೋಟೆಲಿನಲ್ಲಿ ಮೂವತ್ತೈದು ವರ್ಷ ದುಡಿದವನು. ಮೊದಲು ಕಪ್ಪುಬಶಿ ತೊಳೆದೆ, ಆಮೇಲೆ ಮೇಜಿನ ಕೆಲಸಕ್ಕೆ ಬಂದೆ, ಕೊನೆಗೆ ಗಲ್ಲೆಯ ಮೇಲೆ ಕುಳಿತೆ. ಕುಳಿತುಕೊಳ್ಳುವ ಕಾಲ ಬರುವಷ್ಟರಲ್ಲಿ ನಿಂತು ನಿಂತು ಕಾಲಿನ ನರಗಳು ಉಬ್ಬಿ ಹೋಗಿದ್ದವು. ಆದುದರಿಂದಲೇ ವಜ್ರೇಶ್ವರಿ, ಗಣೇಶಪುರಿಗಳ ವಿಷಯ ಮಾತಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ಒಪ್ಪಿಕೊಂಡೆ.

ಈ ಊರುಗಳು ದೂರದವಲ್ಲ. ನಮ್ಮ ಠಾಣೆ ಜಿಲ್ಲೆಯದೇ ಭಿವಂಡಿ ತಾಲೂಕಿನಲ್ಲಿ, ತಾನಸಾ ಹೊಳೆಯ ಬದಿಯಲ್ಲಿವೆ. ಮುಂಬಯಿಗೆ ಕುಡಿಯುವ ನೀರು ಕೊಡುವ ತಾನಸಾ ಕೆರೆಯೂ ಇದೇ ಹೊಳೆಯದು. ವಜ್ರೇಶ್ವರಿ, ಅಕಲೋಲಿ, ಗಣೇಶಪುರಿ, ಈ ಮೂರೂ ಕಡೆ ಬಿಸಿನೀರಿನ ಕುಂಡಗಳುಂಟು. ಮಳೆಯ ನೀರು ಬಂಡೆಯ ಬಿರುಕುಗಳಲ್ಲಿ ಬಹಳ ಆಳಕ್ಕೆ ಇಳಿದು, ಭೂಮಿಯೊಳಗಿನ ಕಾವಿಗೆ ಕಾದು, ಮತ್ತೆ ಮೇಲೆ ಬರುತ್ತದೆ. ಗಂಧಕದ ವಾಸನೆ ಮೂಗಿಗೆ ಬಡಿಯುತ್ತದೆ. ಚಿಮಾಜಿ ಅಪ್ಪ 1739ರಲ್ಲಿ ಪೋರ್ತುಗೀಸರಿಂದ ವಸಈ ಕೋಟೆಯನ್ನು ಗೆದ್ದು, ಹರಕೆ ತೀರಿಸಲು ವಜ್ರೇಶ್ವರಿಯ ಗುಡಿಯನ್ನು ಕಟ್ಟಿಸಿದನೆಂದು ಹೇಳುತ್ತಾರೆ.

ಗಣೇಶಪುರಿಗೆ ನಮ್ಮವರ ನಂಟು ಬೆಳೆದದ್ದು ನಿತ್ಯಾನಂದ ಸ್ವಾಮಿಗಳಿಂದ. ಹೊಸದುರ್ಗ ಕಾಞಂಗಾಡಿನಲ್ಲಿದ್ದು ಈ ಕಡೆ ಬಂದ ಅವರು 1936ರಲ್ಲಿ ಭೀಮೇಶ್ವರ ಗುಡಿಯ ಬಳಿ ನೆಲೆಸಿದರು. 1961ರ ಆಗಸ್ಟ್ 8ರಂದು ದೇಹ ಬಿಟ್ಟರು. ಆಗ ಅದು ಕಾಡಿನ ಹಳ್ಳಿ. ಸುತ್ತಿನ ಆದಿವಾಸಿ ಮಕ್ಕಳಿಗೆ ಅನ್ನ ಹಾಕುವ ಪದ್ಧತಿ ಅವರ ಕಾಲದ್ದು. ದರ್ಶನಕ್ಕೆ ಹೋಗುತ್ತಿದ್ದ ಮುಂಬಯಿಯ ಹೋಟೆಲಿನವರಲ್ಲಿ ದಕ್ಷಿಣ ಕನ್ನಡದವರು ಬಹಳ. ಭಕ್ತಿಯಿದ್ದವರು ಭಕ್ತಿಯಿಂದ ಹೋದರು, ಮೈನೋವಿದ್ದವರು ನೀರಿಗಾಗಿ ಹೋದರು.

ನಮ್ಮಣ್ಣ ಪರಳದ ಗಿರಣಿಯಲ್ಲಿ ಸಾಂಚೆ ನಡೆಸುತ್ತಿದ್ದ. 1982ರ ಜನವರಿ 18ರಂದು ಮುಷ್ಕರ ಆರಂಭವಾಯಿತು. ಮಳೆಗಾಲ ಬಂದರೂ ಗಿರಣಿಯ ಭೋಂಗಾ ಕೂಗಲಿಲ್ಲ. ಬಾಡಿಗೆ ಕೊಡಲಾರದೆ, ನಾಲ್ಕು ದಿನ ಇದ್ದು ಬರುತ್ತೇನೆಂದು ಗಣೇಶಪುರಿಗೆ ಹೋದವನು ಹನ್ನೆರಡು ವರ್ಷ ಅಲ್ಲಿಯೇ ಉಳಿದ. ಒಂದು ಖಾನಾವಳಿಯಲ್ಲಿ ಕೆಲಸಕ್ಕೆ ನಿಂತ. ನಾನು ರಜೆ ಹಾಕಿ ಹೋದಾಗ, “ಅಣ್ಣ, ನೀನು ಪುಣ್ಯವಂತ, ದಿನಾ ಬಿಸಿನೀರಿನ ಸ್ನಾನ” ಎಂದೆ. ಅವನು ನಕ್ಕುಬಿಟ್ಟ. “ಕುಂಡಕ್ಕೆ ಇಳಿಯದೆ ಹದಿನೈದು ದಿನವಾಯಿತು ಮಾರಾಯ. ನಾಲ್ಕು ಗಂಟೆಗೆ ಒಲೆ ಹಚ್ಚಬೇಕು. ನಿಮಗೆ ರಜೆಯಾದರೆ ನಮಗೆ ಎರಡು ಪಾಳಿ” ಎಂದ.

ಆ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ಪಕ್ಕದಲ್ಲೇ ಬಿಸಿನೀರು ಹರಿಯುತ್ತಿದ್ದರೂ ಬಿಡುವಿಲ್ಲದವನಿಗೆ ಅದರಿಂದೇನು ಪ್ರಯೋಜನ? ನಮ್ಮ ಕಾಲುನೋವಿಗೆ ಸಿಕ್ಕಿದ ಸುಖದಲ್ಲಿ ನೀರಿನ ಪಾಲೆಷ್ಟು, ಎರಡು ದಿನ ಕುಳಿತು ಉಂಡು ಮಲಗಿದ್ದರ ಪಾಲೆಷ್ಟು? ಯೋಚಿಸಿ ನೋಡಿ.

ಒಂದು ಎಚ್ಚರಿಕೆ. ನನ್ನ ಕಾಲಿನಲ್ಲಿ ಹುಣ್ಣಾದಾಗ ವೈದ್ಯರನ್ನು ಬಿಟ್ಟು ಕುಂಡವನ್ನೇ ನಂಬಿದೆ. ಹುಣ್ಣು ಕೆರಳಿ ಎರಡು ತಿಂಗಳು ಮಲಗಬೇಕಾಯಿತು. ತಪ್ಪು ನೀರಿನದಲ್ಲ, ನನ್ನದೇ. ಬಿಸಿನೀರು ಬಿಗಿದ ಮೈಯನ್ನು ಸಡಿಲಿಸುತ್ತದೆ, ಅಷ್ಟೆ. ತೆರೆದ ಗಾಯವಿದ್ದವರು ಇಳಿಯಬಾರದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಸುಟ್ಟದ್ದೇ ತಿಳಿಯುವುದಿಲ್ಲ. ಹೃದಯದ ತೊಂದರೆಯಿರುವವರು ವೈದ್ಯರನ್ನು ಕೇಳಿಯೇ ಹೋಗಬೇಕು. ಸಾಬೂನು ಹಚ್ಚಿ ಕುಂಡವನ್ನು ಕೆಡಿಸಬೇಡಿ. ನಿಮ್ಮ ಹಿಂದೆ ಇನ್ನೊಬ್ಬರು ಇಳಿಯುವವರಿದ್ದಾರೆ.

ಬಂಧುಗಳೆ, ವಾರಕ್ಕೊಂದು ರಜೆ ಕಾಯಿದೆ ಕೊಟ್ಟ ಹಕ್ಕು. “ಊರಿಗೆ ಹೋಗುವಾಗ ಒಟ್ಟಿಗೆ ತೆಗೆದುಕೊಳ್ಳುತ್ತೇನೆ” ಎಂದು ಅದನ್ನು ಬಿಟ್ಟುಕೊಡುವ ಹುಡುಗರು ನಮ್ಮಲ್ಲಿ ಎಷ್ಟಿಲ್ಲ! ನಾನೂ ಹಾಗೆಯೇ ಮಾಡಿದವನು. ಅದರ ಲೆಕ್ಕವನ್ನು ಈ ಕಾಲುಗಳು ಹೇಳುತ್ತಿವೆ. ರಜೆಯನ್ನು ಕೇಳಿ ಪಡೆಯಿರಿ. ಭಿವಂಡಿಯ ಕಡೆಯ ಬಸ್ಸು ಹಿಡಿಯಿರಿ. ಅಲ್ಲಿ ಊಟ ಬಡಿಸುವ ಹುಡುಗನನ್ನು, “ನಿನಗೆ ರಜೆ ಯಾವಾಗಪ್ಪ?” ಎಂದು ಒಂದು ಮಾತು ಕೇಳಿರಿ. ನಮ್ಮಣ್ಣನನ್ನು ಹಾಗೆ ಕೇಳಿದವರು ಯಾರೂ ಇರಲಿಲ್ಲ, ನಾನೂ ಕೇಳಲಿಲ್ಲ.