ಗದ್ದಲದ ನಡುವೆ ದನಿ ಹುಡುಕುವ ಬಗೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಿಮ್ಮ ಜೇಬಿನಲ್ಲಿರುವ ಮೊಬೈಲು ಒಂದು ಕಷ್ಟದ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿರುವ ಜಿಪಿಎಸ್ ಉಪಗ್ರಹಗಳ ಸಂಕೇತ ಇಲ್ಲಿಗೆ ತಲುಪುವಾಗ ತೀರಾ ಕ್ಷೀಣವಾಗಿರುತ್ತದೆ. ಮೊಬೈಲಿನ ಒಳಗಿನ ವಿದ್ಯುತ್ ಗದ್ದಲವೇ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಸಂತೆಯ ಗಲಾಟೆಯಲ್ಲಿ ಪಿಸುಮಾತು ಕೇಳಿದ ಹಾಗೆ. ಆದರೂ ಮೊಬೈಲು ಅದನ್ನು ಕೇಳಿಸಿಕೊಂಡು ನಾವಿರುವ ಜಾಗ ಹೇಳುತ್ತದೆ. ಹೇಗೆ?

ಪ್ರತಿ ಉಪಗ್ರಹಕ್ಕೂ ತನ್ನದೇ ಒಂದು ತಾಳವಿದೆ. +1 ಮತ್ತು -1 ಎಂಬ ಎರಡೇ ಅಂಕಗಳಿಂದಾದ 1,023 ಹೆಜ್ಜೆಗಳ ಸಾಲು ಅದು. ಒಂದು ಮಿಲಿಸೆಕೆಂಡಿನಲ್ಲಿ ಮುಗಿದು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಈ ತಾಳದಿಂದ ಗುಣಿಸಿದಾಗ ಸಂಕೇತವು ಅಗಲವಾದ ಆವರ್ತನ ಪಟ್ಟಿಯಲ್ಲಿ ಹರಡಿಕೊಳ್ಳುತ್ತದೆ. ಇದನ್ನೇ ಸ್ಪ್ರೆಡ್ ಸ್ಪೆಕ್ಟ್ರಮ್ ಎನ್ನುತ್ತಾರೆ. ಆ ತಾಳ ಮೊಬೈಲಿಗೂ ಗೊತ್ತು. ಆದರೆ ಈ ಕ್ಷಣ ಬಂದು ತಲುಪುತ್ತಿರುವುದು ಎಷ್ಟನೆಯ ಹೆಜ್ಜೆ ಎಂಬುದು ಗೊತ್ತಿಲ್ಲ. ಅದನ್ನು ಹೊಂದಿಸಿಕೊಳ್ಳುವುದೇ ಸಿಂಕ್ರೊನೈಸೇಷನ್.

ಮಕ್ಕಳೇ, ಏಳೇ ಹೆಜ್ಜೆಯ ತಾಳವೊಂದನ್ನು ಬರೆದುಕೊಳ್ಳಿ: +1, +1, +1, -1, -1, +1, -1. ಕೆಳಗೆ ಅದನ್ನೇ ಇನ್ನೊಮ್ಮೆ ಬರೆಯಿರಿ. ಮೇಲಿನ ಅಂಕಕ್ಕೆ ಕೆಳಗಿನದನ್ನು ಗುಣಿಸಿ, ಎಲ್ಲವನ್ನೂ ಕೂಡಿಸಿ. ಉತ್ತರ 7. ಈಗ ಕೆಳಗಿನ ಸಾಲನ್ನು ಒಂದು ಮನೆ ಎಡಕ್ಕೆ ಸರಿಸಿ, ಹೊರಬಿದ್ದ ಅಂಕವನ್ನು ಕೊನೆಗೆ ಸೇರಿಸಿ ಮತ್ತೆ ಲೆಕ್ಕ ಮಾಡಿ. ಉತ್ತರ -1. ಎರಡು ಮನೆ ಸರಿಸಿದರೂ, ಆರು ಮನೆ ಸರಿಸಿದರೂ -1 ಮಾತ್ರ. ಸರಿಯಾಗಿ ಹೊಂದಿದಲ್ಲಿ ಮಾತ್ರ 7. ಗದ್ದಲಕ್ಕೆ ತಾಳವಿಲ್ಲ. ಕೂಡಿಸುತ್ತ ಹೋದಂತೆ ಅದರ ಪ್ಲಸ್ಸು ಮೈನಸ್ಸುಗಳು ಬಹುಮಟ್ಟಿಗೆ ಒಂದನ್ನೊಂದು ಕಳೆದುಹಾಕುತ್ತವೆ, ಸಂಕೇತ ಮೇಲೆದ್ದು ಕಾಣುತ್ತದೆ.

ಮೊಬೈಲು ಇದನ್ನು ಎರಡು ಹಂತದಲ್ಲಿ ಮಾಡುತ್ತದೆ. ಮೊದಲನೆಯದು ಹುಡುಕಾಟ. 1,023 ಹೆಜ್ಜೆಗಳಲ್ಲಿ ಯಾವುದು ಹೊಂದುತ್ತದೆಂದು ನೋಡಬೇಕು. ಉಪಗ್ರಹ ಓಡುತ್ತಿರುವುದರಿಂದ ಡಾಪ್ಲರ್ ಪರಿಣಾಮವಾಗಿ ಆವರ್ತನವೂ ಆಚೀಚೆ ಸರಿದಿರುತ್ತದೆ, ಅದನ್ನೂ ಹುಡುಕಬೇಕು. ಎರಡನೆಯದು, ಸಿಕ್ಕಿದ್ದನ್ನು ಬಿಡದೆ ಹಿಂಬಾಲಿಸುವುದು. ತಾಳದ ಒಂದು ಪ್ರತಿಯನ್ನು ತುಸು ಮುಂದೆ, ಇನ್ನೊಂದನ್ನು ತುಸು ಹಿಂದೆ ಇಟ್ಟು ಎರಡರ ಉತ್ತರವನ್ನೂ ತಕ್ಕಡಿಯಂತೆ ತೂಗುತ್ತದೆ. ಸಮನಾದರೆ ಸರಿ, ಒಂದು ಕಡೆ ಹೆಚ್ಚಾದರೆ ಆ ಕಡೆಗೆ ಸರಿಯುತ್ತದೆ. ಒಂದು ಹೆಜ್ಜೆ ತಪ್ಪಿದರೂ ಉಪಗ್ರಹದ ದೂರದ ಲೆಕ್ಕ ಸುಮಾರು 293 ಮೀಟರ್ ತಪ್ಪುತ್ತದೆ. ರೋಗಿಯ ಮನೆ ಹುಡುಕಿಕೊಂಡು ರಾತ್ರಿ ಬರುವ ಆಂಬುಲೆನ್ಸಿಗೆ ಅದು ಸಣ್ಣ ತಪ್ಪಲ್ಲ.

ನಮ್ಮ ಇಸ್ರೋ ಕಟ್ಟಿದ ನಾವಿಕ್ ಕೂಡ ಇದೇ ತತ್ತ್ವದ ಮೇಲೆ ನಡೆಯುತ್ತದೆ. ಅದರ ಕೇಂದ್ರ ದೂರವೇನಿಲ್ಲ, ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿದೆ.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ, "ನಾವು ಕನ್ನಡ ಮಾಧ್ಯಮ, ವಿಜ್ಞಾನ ನಮಗೆ ಹತ್ತುವುದಿಲ್ಲ" ಎಂದು ಹಿಂದೆ ಸರಿಯುವ ಮಕ್ಕಳು ಇಂದಿಗೂ ಇದ್ದಾರೆ. ಈಗ ಮಾಡಿದ ಲೆಕ್ಕದಲ್ಲಿ ಋಣ ಸಂಖ್ಯೆಗಳ ಗುಣಾಕಾರ, ಸಂಕಲನ ಬಿಟ್ಟರೆ ಬೇರೇನಿದೆ? ಅದನ್ನು ನಾವೆಲ್ಲ ಇದೇ ಶಾಲೆಯ ಕಪ್ಪುಹಲಗೆಯ ಮುಂದೆ ಕನ್ನಡದಲ್ಲೇ ಕಲಿತೆವು. ಇಂಗ್ಲಿಷ್ ಹೆಸರುಗಳನ್ನು ಆಮೇಲೆ ಎರಡು ವರ್ಷದಲ್ಲಿ ಕಲಿಯಬಹುದು. ತಿಳಿವಳಿಕೆಯ ಬೇರು ಇಲ್ಲಿಯೇ ಇಳಿಯಬೇಕು. ಗಣಿತದ ಮೇಷ್ಟ್ರುಗಳು ಈ ಏಳು ಹೆಜ್ಜೆಯ ಲೆಕ್ಕವನ್ನು ಒಮ್ಮೆ ತರಗತಿಯಲ್ಲಿ ಮಾಡಿಸಬೇಕೆಂದು ಕೇಳಿಕೊಳ್ಳುತ್ತೇನೆ. ತಂದೆತಾಯಂದಿರು, ಮಗಳಿರಲಿ ಮಗನಿರಲಿ, ಭಾಷೆಯ ಭಯಕ್ಕೆ ಓದಿನ ದಾರಿ ಬದಲಿಸಬೇಡಿ.